ಡರ್ಟಿ ರಾಟನ್ ಸ್ಕೌಂಡ್ರಲ್ಸ್ ನೋಡಿದೆ, ಇದನ್ನ ಯಾಕಿಷ್ಟು ಹೊಗಳ್ತಾರೆ? (ಕ್ಲೈಮ್ಯಾಕ್ಸ್ ಬಗ್ಗೆ ಮಾತಿದೆ, ನೋಡಿಲ್ದೋರು ಇಲ್ಲೇ ನಿಂತ್ಕೊಳ್ಳಿ)

ಶನಿವಾರದ ಸಂಜೆ
ಐದಾರು ವರ್ಷದಿಂದ ಯಾರ್ಯಾರೋ ನೋಡು ನೋಡು ಅಂತ ಪ್ರಾಣ ತಿಂತಿದ್ರು, ನಿನ್ನೆ ರಾತ್ರಿ ಕೊನೆಗೂ 1988ರ ಈ ಸಿನಿಮಾ ಹಾಕ್ಕೊಂಡು ಕೂತ್ವಿ. ನಾನು, ನಮ್ಮ ಯಜಮಾನ್ರು, ಅತ್ತೆ. ಗೊತ್ತಿಲ್ದೋರಿಗೆ ಕಥೆ ಎರಡು ಮಾತಲ್ಲಿ: ಫ್ರಾನ್ಸಿನ ಸಮುದ್ರದ ದಂಡೇಲಿ ಲಾರೆನ್ಸ್ ಅಂತ ಒಬ್ಬ ಸೂಟುಬೂಟಿನ ವಂಚಕ (ಮೈಕಲ್ ಕೇನ್), ರಾಜ್ಯ ಕಳ್ಕೊಂಡ ರಾಜಕುಮಾರ ನಾನು ಅಂತ ಶ್ರೀಮಂತ ಹೆಂಗಸರನ್ನ ನಂಬಿಸಿ ದುಡ್ಡು ಒಡವೆ ಎಲ್ಲಾ ಬಾಚ್ತಿರ್ತಾನೆ. ಅದೇ ಊರಿಗೆ ಫ್ರೆಡ್ಡಿ (ಸ್ಟೀವ್ ಮಾರ್ಟಿನ್) ಅಂತ ಅಮೆರಿಕದ ಚಿಲ್ರೆ ಗಿರಾಕಿ ಬರ್ತಾನೆ, ಅಜ್ಜಿಗೆ ಹುಷಾರಿಲ್ಲ ಅಂತ ಟ್ರೈನಲ್ಲಿ ಯಾವಳದೋ ದುಡ್ಡಲ್ಲಿ ಊಟ ಹೊಡೆಯೋ ಜಾತಿ. ಒಂದೇ ಒರೆಯಲ್ಲಿ ಎರಡು ಕತ್ತಿ. ಕೊನೆಗೆ ಬೆಟ್ಟು ಕಟ್ತಾರೆ, ಜಾನೆಟ್ ಅನ್ನೋ ಹುಡುಗಿ ಹತ್ರ ಯಾರು ಮೊದ್ಲು 50,000 ಡಾಲರ್ ಕೀಳ್ತಾರೋ ಅವರಿಗೆ ಊರು, ಸೋತೋನು ಗಂಟುಮೂಟೆ ಕಟ್ಬೇಕು.

ಈಗ ನನ್ನ ಗೋಳು. ಮೊದಲ ಮುಕ್ಕಾಲು ಗಂಟೆ ಏನೂ ಆಗಲ್ಲ, ಬರೀ ಬಿಳಿ ಸೂಟು, ಬಂಗಲೆ, ವೈನು. ಆಮೇಲೆ ಫ್ರೆಡ್ಡಿ ರೂಪ್ರೆಕ್ಟ್ ಅಂತ ಲಾರೆನ್ಸನ ಬುದ್ಧಿ ಬೆಳೆಯದ ತಮ್ಮನ ವೇಷ ಹಾಕ್ತಾನಲ್ಲ, ಅದನ್ನ ಎಲ್ರೂ ಸಿನಿಮಾದ ಬೆಸ್ಟ್ ಸೀನ್ ಅಂತಾರೆ, ನನಗೆ ನಗೋಕೇ ಆಗ್ಲಿಲ್ಲ. ನಮ್ಮಕ್ಕನ ಮಗನಿಗೆ ಅಂಥದ್ದೇ ತೊಂದರೆ ಇದೆ, ಅವನನ್ನ ಎತ್ತಾಡಿಸಿದ ಕೈ ನಂದು. ಯಜಮಾನ್ರು ಅರ್ಧಕ್ಕೇ ಗೊರಕೆ. ಇಂಗ್ಲಿಷ್ ಅಷ್ಟಕ್ಕಷ್ಟೇ ಬರೋ ಅತ್ತೆ ಮಾತ್ರ ನಕ್ಕೂ ನಕ್ಕೂ ಕೆಮ್ಮು ಬಂದು ನೀರು ಕುಡಿಸ್ಬೇಕಾಯ್ತು. ನನಗೊಬ್ಬಳಿಗೇ ಹಿಂಗಾ?

ಮಂಡ್ಯದ್ ಐಕ್ಳು
ನಿಮ್ಮತ್ತೆ ಪರ ನನ್ ಓಟು.

ಹಳೇ ರೀಲು
ನಿಮಗೊಬ್ಬರಿಗೇ ಅಲ್ಲ ಮೇಡಂ, ಆದ್ರೆ ಶುರು ನಿಧಾನ ಅನ್ನೋದನ್ನ ಒಪ್ಪಲ್ಲ. ಕೇನ್ ನಿಧಾನ ಇದ್ರೇನೇ ಮಾರ್ಟಿನ್ ಬಂದಾಗ ಗಲಾಟೆ ಅನ್ಸೋದು. ಒಬ್ಬ ಹುಬ್ಬು ಎತ್ತಿ ಕೆಲಸ ಮುಗಿಸ್ತಾನೆ, ಇನ್ನೊಬ್ಬ ಮೈಯೆಲ್ಲಾ ಕುಣಿಸಿದ್ರೂ ಮುಗಿಯಲ್ಲ. ಒಂದು ತಮಾಷೆ ನೋಡಿ, ಪರದೆ ಮೇಲೆ ಅಷ್ಟು ಠೀವಿಯಿಂದ ರಾಜಕುಮಾರ ಆಗೋ ಕೇನ್ ನಿಜದಲ್ಲಿ ಲಂಡನ್ನಿನ ಬಡವರ ಮನೆ ಹುಡುಗ, ಹುಟ್ಟು ಹೆಸರು ಮಾರಿಸ್ ಮಿಕಲ್‌ವೈಟ್, ಅಪ್ಪ ಬಿಲ್ಲಿಂಗ್ಸ್‌ಗೇಟ್ ಮೀನು ಮಾರ್ಕೆಟ್ಟಲ್ಲಿ ಹಮಾಲಿ. ಅಂದ್ರೆ ದೊಡ್ಡಮನುಷ್ಯರ ವೇಷ ಹಾಕೋದು ಹೆಂಗೆ ಅನ್ನೋದು ಅವನಿಗೆ ಯಾರೂ ಹೇಳ್ಕೊಡ್ಬೇಕಾಗಿರ್ಲಿಲ್ಲ. ಇದು ತಲೇಲಿಟ್ಕೊಂಡು ಇನ್ನೊಂದ್ಸಲ ನೋಡಿ, ಆ ಬಿಳಿ ಸೂಟು ಬೇರೆ ಥರನೇ ಕಾಣುತ್ತೆ.

ಕಡಲಕರೆ
ನನಗೆ ಎಂತ ಹೇಳ್ಬೇಕು ಗೊತ್ತಾಗುದಿಲ್ಲ ಮಾರಾಯ್ರೆ, ಇದು ಹಳೇ ಸಿನಿಮಾದ ಕಾಪಿ ಅಲ್ವಾ? ಮಾರ್ಲನ್ ಬ್ರಾಂಡೋ ಮಾಡಿದ್ದು ಉಂಟು, 1960ರದ್ದು. ಅದು ನೋಡಿ ಮತ್ತೆ ಇದನ್ನು ಹೊಗಳಿ.

ಹಳೇ ರೀಲು
@ಕಡಲಕರೆ 1960 ಅಲ್ಲ, 1964. ಬೆಡ್‌ಟೈಮ್ ಸ್ಟೋರಿ. ಬ್ರಾಂಡೋ ಜೊತೆ ಡೇವಿಡ್ ನಿವೆನ್, ಹುಡುಗಿ ಶರ್ಲಿ ಜೋನ್ಸ್. ಕಾಪಿ ಏನಲ್ಲ, ರೈಟ್ಸ್ ತಗೊಂಡೇ ಮಾಡಿದ್ದು, ಹಳೇ ಬರಹಗಾರರ ಹೆಸರೂ ಹೊಸದ್ರಲ್ಲಿದೆ. ಅದನ್ನೂ ನೋಡಿದೀನಿ. ನಿವೆನ್ ಸೊಗಸು, ಬ್ರಾಂಡೋಗೆ ಕಾಮಿಡಿ ಅಂದ್ರೆ ಭತ್ತದ ಮೂಟೆ ಹೊತ್ತಂಗೆ.

ಆದ್ರೆ ಮುಖ್ಯ ವ್ಯತ್ಯಾಸ ಕೊನೇಲಿ. 1964ರದ್ರಲ್ಲಿ ಜಾನೆಟ್ ನಿಜವಾಗ್ಲೂ ಪಾಪದ ಹುಡುಗಿ, ಬ್ರಾಂಡೋ ಅವಳನ್ನ ಮದುವೆ ಆಗಿ ದಾರಿಗೆ ಬರ್ತಾನೆ, ನಿವೆನ್ ಹಳೇ ಕಸುಬು ಮುಂದುವರಿಸ್ತಾನೆ. 1988ರಲ್ಲಿ ಹೊಸದ್ರ ಬರಹಗಾರ ಡೇಲ್ ಲಾನರ್ ಅದನ್ನ ತಿರುಗಿಸಿ ಹಾಕಿದ. ಇಬ್ರೂ ಯಾವಳಿಗೆ ಟೋಪಿ ಹಾಕೋಕೆ ಹೊರಟಿದ್ರೋ ಅವಳೇ ‘ಜಾಕಲ್’ ಅನ್ನೋ ಮಹಾ ವಂಚಕಿ. ಇವರು ಚಾಪೆ ಕೆಳಗೆ ತೂರಿದ್ರೆ ಅವಳು ರಂಗೋಲಿ ಕೆಳಗೆ.

ಬೆಳ್ಳುಳ್ಳಿ ಕಬಾಬ್
ಆ ಕ್ಲೈಮ್ಯಾಕ್ಸ್ ಮೋಸ ಗುರು. ಏನೂ ಸುಳಿವು ಕೊಡ್ದೆ ಕೊನೆ ಹತ್ತು ನಿಮಿಷದಲ್ಲಿ ‘ಅವಳೇ ಕಳ್ಳಿ’ ಅಂದ್ರೆ ಹೆಂಗೆ? ಹಂಗಾದ್ರೆ ನಾನೂ ಕಥೆ ಬರೀಬಹುದು, ಕೊನೆಗೆ ಬಟ್ಲರ್ ಕಳ್ಳ ಅಂತ.

ತುಂಗೆಯ ದಡ
ಸುಳಿವು ಕೊಡ್ಲಿಲ್ಲ ಅಂತ ಯಾರು ಹೇಳಿದ್ದು, ಶುರುವಿಂದಾನೇ ಜಾಕಲ್ ಅನ್ನೋ ಕಳ್ಳನ ಸುದ್ದಿ ಬರುತ್ತೆ, ಲಾರೆನ್ಸ್ ಫ್ರೆಡ್ಡೀನೇ ಆ ಜಾಕಲ್ ಇರ್ಬೇಕು ಅಂದ್ಕೊಳ್ತಾನೆ, ನಾವೂ ಹಂಗೇ ಅಂದ್ಕೊಂಡು ಆಮೇಲೆ ಇವನ ಯೋಗ್ಯತೆ ನೋಡಿ ಛೆ ಇವನಲ್ಲ ಅಂತ ಮರೆತುಬಿಡ್ತೀವಿ. ಅವರು ಮುಚ್ಚಿಟ್ಟಿದ್ದಲ್ಲ, ನಾವು ಮರೆತಿದ್ದು. ಅದೇ ಅಲ್ವಾ ಟೋಪಿ ಹಾಕೋದು ಅಂದ್ರೆ. ಜಾಕಲ್ ಅಂದ ತಕ್ಷಣ ನಮ್ಮ ತಲೇಲಿ ಗಂಡಸು ಬಂದುಬಿಡ್ತಾನೆ ನೋಡಿ, ಅಲ್ಲಿದೆ ಆಟ.

ಬೆಳ್ಳುಳ್ಳಿ ಕಬಾಬ್
ಹ್ಮ್. ಜಾಕಲ್ ಪಾಯಿಂಟ್ ಮರ್ತಿದ್ದೆ. ಆದ್ರೂ.

ಮಂಡ್ಯದ್ ಐಕ್ಳು
‘ಆದ್ರೂ’ ಅಂತೆ. ಸೋತೆ ಅನ್ನೋಕೆ ಏನ್ ಕಾಸ್ ಕೊಡ್ಬೇಕಾ

ಸಿರಿಗನ್ನಡತಿ
ಎಲ್ರೂ ಟ್ವಿಸ್ಟ್ ಟ್ವಿಸ್ಟ್ ಅಂತೀರ, ನನ್ನ ತಕರಾರು ಬೇರೆ. ಒಂದು ಮುಕ್ಕಾಲು ಗಂಟೆ ಹೆಂಗಸರೆಲ್ಲ ದಡ್ಡಿಯರು, ಒಡವೆ ಬಿಚ್ಚಿ ಕೊಡೋಕೇ ಹುಟ್ಟಿದೋರ ಥರ ತೋರಿಸಿ ಕೊನೆ ಹತ್ತು ನಿಮಿಷ ಒಬ್ಬಳನ್ನ ಜಾಣೆ ಮಾಡಿಬಿಟ್ರೆ ಲೆಕ್ಕ ಚುಕ್ತಾ ಆಯ್ತಾ? ಮಧ್ಯದಲ್ಲಿ ಬೆಟ್ಟು ಬದಲಾಗುತ್ತಲ್ಲ, ದುಡ್ಡಿನ ಬದಲು ಆ ಹುಡುಗೀನ ಹಾಸಿಗೆಗೆ ಕರ್ಕೊಂಡು ಹೋಗೋದೇ ಬೆಟ್ಟು ಅಂತ, ಅಲ್ಲಿ ನಮ್ಮ ರೂಮ್‌ಮೇಟ್ ಎದ್ದು ಹೋದಳು. ಅವಳು ತಪ್ಪು ಅಂತ ನನಗೆ ಅನ್ಸಲ್ಲ.

ತುಂಗೆಯ ದಡ
@ಸಿರಿಗನ್ನಡತಿ ಅದು ನಿಜಕ್ಕೂ ಮುಜುಗರ, ಒಪ್ತೀನಿ. ಆದ್ರೆ ಆ ಬೆಟ್ಟು ಹಾಕೋದು ಫ್ರೆಡ್ಡಿ, ಲಾರೆನ್ಸ್ ಅಲ್ಲ. ಜಾನೆಟ್ ಶ್ರೀಮಂತಳಲ್ಲ, ಸ್ಪರ್ಧೇಲಿ ಗೆದ್ದು ಟ್ರಿಪ್ ಬಂದಿರೋ ಹುಡುಗಿ ಅಂತ ಗೊತ್ತಾದ ತಕ್ಷಣ ಲಾರೆನ್ಸ್ ಆಟ ಸಾಕು ಅಂತಾನೆ. ಬಡವರ ಹತ್ರ ಕೀಳಲ್ಲ ಅನ್ನೋದು ಅವನ ನೇಮ. ಫ್ರೆಡ್ಡಿ ಕೈಲಿ ಆಗಲ್ಲ ಅಂತ ಮಾತ್ರ ಬೆಟ್ಟು ಕಟ್ತಾನೆ.

ಈಗ ಕೊನೆ ಯೋಚನೆ ಮಾಡಿ. ಜಾನೆಟ್ ಅಳ್ತಾ ಬಂದು ಫ್ರೆಡ್ಡಿ ನನ್ನ ದುಡ್ಡೆಲ್ಲ ಹೊಡ್ಕೊಂಡು ಹೋದ ಅಂದಾಗ ಲಾರೆನ್ಸ್ ತನ್ನ ಸ್ವಂತ 50,000 ಅವಳ ಕೈಗಿಡ್ತಾನೆ. ವಿಮಾನ ಹತ್ತೋ ಹೊತ್ತಿಗೆ ಅವಳು ಓಡಿ ಬಂದು ಬೇಡ, ಇದು ನಿಮ್ಮದೇ ಅಂತ ಬ್ಯಾಗ್ ವಾಪಸ್ ಕೊಟ್ಟು ಹೋಗ್ತಾಳೆ. ಬಿಚ್ಚಿದ್ರೆ ಒಳಗೆ ಫ್ರೆಡ್ಡಿ ಬಟ್ಟೆ, ಮೇಲೊಂದು ಚೀಟಿ. ಫ್ರೆಡ್ಡೀನ ಅವಳು ಕೆಡವಿದ್ದು ಚಪಲದಿಂದ, ಲಾರೆನ್ಸನ್ನ ಕೆಡವಿದ್ದು ಕನಿಕರದಿಂದ. ಅವನಲ್ಲಿ ಒಳ್ಳೇದು ಅಂತ ಒಂದೇ ಒಂದಿತ್ತು, ಅವಳು ಕೈ ಹಾಕಿದ್ದೂ ಅಲ್ಲಿಗೇ. ಇದಕ್ಕಿಂತ ಕ್ರೂರವಾದ ಕಾಮಿಡಿ ನಾನು ನೋಡಿಲ್ಲ. ಆ ಚೀಟಿ ಓದುವಾಗ ಕೇನ್ ಮುಖ ನೋಡಿ, ಸೋತ ಸಿಟ್ಟು ಇಲ್ಲ, ನಗು ಬರ್ತಾ ಇರುತ್ತೆ. ಸಂಗೀತದವರು ಒಳ್ಳೇ ಆಲಾಪ ಕೇಳಿದಾಗ ತಲೆದೂಗ್ತಾರಲ್ಲ, ಹಂಗೆ.

ಸಿರಿಗನ್ನಡತಿ
ಚೆನ್ನಾಗಿ ಹೇಳಿದ್ರಿ. ಆದ್ರೆ ನಾನು ಕೇಳಿದ್ದು ಬೇರೆ ಹೆಂಗಸರ ಬಗ್ಗೆ, ನೀವು ಉತ್ತರ ಕೊಟ್ಟಿದ್ದು ಲಾರೆನ್ಸ್ ಮನಸ್ಸಿನ ಬಗ್ಗೆ 🙂

ಗಿರಣಿಚಾಳ
ಇಲ್ಲೆ ನಂದೊಂದು ಕಥಿ ಹೇಳ್ಬೇಕ್ರಿ, ವಿಷಯ ಬಿಟ್ಟು ಹೊಂಟೆ ಅಂತ ಬೈಬ್ಯಾಡ್ರಿ. ನಮ್ಮ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ್ಯಾಗ ಒಬ್ಬಾಂವ ಬಂದ, ಇಸ್ತ್ರಿ ಅಂಗಿ, ಕೈಯಾಗ ಫೈಲು, ಕಣ್ಣಾಗ ನೀರು. ಸರ್ ಇಂಟರ್‌ವ್ಯೂಕ್ಕ ಬಂದಿದ್ದೆ, ಕಿಸೆ ಹೊಡದ್ರು, ಬೆಳಗಾವಿಗೆ ಹೋಗಾಕ ರೊಕ್ಕ ಇಲ್ಲ, ನಂಬರ್ ಕೊಡ್ರಿ ಮುಟ್ಟಿದ ಕೂಡ್ಲೇ ಹಾಕ್ತೀನಿ ಅಂದ. ಇನ್ನೂರು ಕೊಟ್ಟೆ. ಹದಿನೈದು ದಿನ ಬಿಟ್ಟು ಅದ ಜಾಗ, ಅದ ಅಂಗಿ, ಅದ ಫೈಲು, ನನ್ನ ಹಂತ್ಯಾಕನ ಬಂದ! ನಾ ಅಂದೆ, ಏನ್ ತಮ್ಮಾ ಬೆಳಗಾವಿ ಇನ್ನೂ ಮುಟ್ಟಿಲ್ಲೇನು? ಅಂವ ಒಂದು ಸೆಕೆಂಡ್ ಸೈತ ತಡೀಲಿಲ್ರಿ, "ಮುಟ್ಟಿದ್ದೆ ಸರ್, ಅವ್ರು ಎರಡನೇ ರೌಂಡಿಗೆ ಕರದಿದ್ರು, ಈಗ ಮತ್ತ ಕಿಸೆ ಹೊಡದ್ರು" ಅಂದ. ನಾ ನಕ್ಕು ಮತ್ತ ಐವತ್ತು ಕೊಟ್ಟು ಬಂದೆ. ಮೊದಲ ಇನ್ನೂರು ಮೋಸ, ಆಮ್ಯಾಲಿನ ಐವತ್ತು ಟಿಕೆಟ್. ಲಾರೆನ್ಸ್ ಕಡೀಕ ನಗೋದು ಈ ಲೆಕ್ಕದಾಗ ಐತಿ.

ಮಂಡ್ಯದ್ ಐಕ್ಳು
ಮೂರ್ನೇ ರೌಂಡ್‌ಗೆ ಎಷ್ಟ್ ಕೊಡ್ತೀರಾ ಅಣ್ಣ

ಗಿರಣಿಚಾಳ
ಆಫರ್ ಲೆಟರ್ ತೋರ್ಸಿದ್ರ ನೂರು 😂

ಶನಿವಾರದ ಸಂಜೆ
ಅಯ್ಯೋ, ಆಫೀಸಿಂದ ಬರೋಷ್ಟರಲ್ಲಿ ಇಷ್ಟೊಂದಾ. ಇದನ್ನ ಅತ್ತೆಗೆ ಓದಿ ಹೇಳಿದೆ, ಆ ಹುಡುಗನಿಗೆ ಕೆಲಸ ಕೊಡಿಸ್ಬೇಕಿತ್ತು ಪಾಪ ಅಂದ್ರು. ನಮ್ಮನೇಲಿ ಯಾರಿಗೆ ಮೊದ್ಲು ಟೋಪಿ ಬೀಳುತ್ತೆ ಅಂತ ಗೊತ್ತಾಯ್ತು.

ರೂಪ್ರೆಕ್ಟ್ ಬಗ್ಗೆ ಯಾರೂ ಮಾತಾಡ್ತಿಲ್ಲ ಆದ್ರೆ.

ಹಳೇ ರೀಲು
ಸರಿ ನಾನು ಮಾತಾಡ್ತೀನಿ, ಬೈಸ್ಕೊಳ್ಳೋಕೆ ರೆಡಿ. ಆ ಸೀನಲ್ಲಿ ಊಟದ ಮೇಜು, ಕೇನ್ ಒಂದು ಕಡೆ, ಮದುವೆ ಆಗ್ಬೇಕು ಅಂತಿರೋ ಹೆಂಗಸು ಇನ್ನೊಂದು ಕಡೆ, ಮಧ್ಯ ರೂಪ್ರೆಕ್ಟ್, ಕೈಯಲ್ಲಿ ಫೋರ್ಕು. ಫೋರ್ಕ್ ತುದಿಗೆ ಬಾಟ್ಲಿ ಬಿರಡೆ ಚುಚ್ಚಿರ್ತಾರೆ. ಯಾಕೆ ಅಂತ ಆ ಹೆಂಗಸು ಕೇಳಿದ್ರೆ ಕೇನ್ ತಣ್ಣಗೆ, ಅವನಿಗೂ ಬೇರೆಯವರಿಗೂ ಗಾಯ ಆಗ್ದೆ ಇರ್ಲಿ ಅಂತ, ಅಂತಾನೆ. ಅಷ್ಟೊತ್ತಿಗೆ ಇವನು ಬಾಯಿ ಎಲ್ಲಿದೆ ಅಂತ ಹುಡುಕ್ತಾ ಆ ಬಿರಡೇನ ಕಣ್ಣಿಗೇ ಚುಚ್ಕೊಳ್ತಾನೆ. ಆಮೇಲೆ ಒಂದಕ್ಕೆ ಹೋಗ್ಲಾ ಅಂತ ಕೇಳ್ತಾನೆ, ಕೇನ್ ಹೂಂ ಅಂತಾನೆ, ಇವನು ಕೂತಲ್ಲೇ ಕೂತಿರ್ತಾನೆ, ಮುಖ ಮಾತ್ರ ನಿಧಾನಕ್ಕೆ ಹಗುರ ಆಗ್ತಾ ಹೋಗುತ್ತೆ, ಮುಗಿಸಿ ಥ್ಯಾಂಕ್ಯೂ ಬೇರೆ. ಇಲ್ಲಿ ನಗು ಬರೋದು ಅಂಥ ಮಕ್ಕಳನ್ನ ನೋಡಿ ಅಲ್ಲ. ಫ್ರೆಡ್ಡಿ ಅನ್ನೋ ಕಚಡಾ ಮನುಷ್ಯ ಅಂಥೋರ ಬಗ್ಗೆ ಏನೂ ಗೊತ್ತಿಲ್ದೆ ಮಾಡೋ ಓವರ್ ಆಕ್ಟಿಂಗ್ ನೋಡಿ.

ವೀಲ್‌ಚೇರ್ ಅಕ್ಕ
ಫಿಸಿಯೋಥೆರಪಿಸ್ಟ್ ನಾನು, ಹದಿನಾಲ್ಕು ವರ್ಷದಿಂದ. @ಹಳೇ ರೀಲು ಹೇಳಿದ್ದರಲ್ಲಿ ಅರ್ಧ ಒಪ್ತೀನಿ. ಫ್ರೆಡ್ಡಿ ವೀಲ್‌ಚೇರಲ್ಲಿ ಕೂತು ನೇವಿ ಆಫೀಸರ್ ನಾಟಕ ಆಡ್ತಾನಲ್ಲ, ಕಾಲು ಚೆನ್ನಾಗಿದ್ರೂ ಮನಸ್ಸಿನ ಆಘಾತಕ್ಕೆ ನಡೆಯೋಕಾಗಲ್ಲ ಅಂತ, ಅಲ್ಲಿ ನಾನೂ ಬಿದ್ದು ಬಿದ್ದು ನಕ್ಕಿದೀನಿ. ಲಾರೆನ್ಸ್ ದೊಡ್ಡ ಡಾಕ್ಟರ್ ಶಾಫ್‌ಹೌಸನ್ ಆಗಿ ಬಂದು, ಪರೀಕ್ಷೆ ಅಂತ ಬೆತ್ತದಲ್ಲಿ ಅವನ ಕಾಲಿಗೆ ಬಾರಿಸ್ತಾನೆ, ಇವನು ಹುಡುಗಿ ಮುಂದೆ ನೋವು ತೋರಿಸ್ಕೊಳ್ಳೋ ಹಂಗಿಲ್ಲ, ಕಣ್ಣಲ್ಲಿ ಮಾತ್ರ ನೀರು. ಅಲ್ಲಿ ಪೆಟ್ಟು ಬೀಳೋದು ಸುಳ್ಳನಿಗೆ, ಅದಕ್ಕೇ ನಗ್ತೀವಿ. (ದಯವಿಟ್ಟು ಯಾರೂ ಮನೇಲಿ ಬೆತ್ತ ತಗೋಬೇಡಿ. ಮನಸ್ಸಿನ ಕಾರಣಕ್ಕೆ ಕಾಲು ಆಡದೇ ಇರೋದು ನಿಜವಾದ ಕಾಯಿಲೆ, ನಾಟಕ ಅಲ್ಲ, ಅವರನ್ನ ಬೈದು ಹೊಡೆದು ನಡೆಸೋಕಾಗಲ್ಲ.)

ರೂಪ್ರೆಕ್ಟ್ ಹಂಗಲ್ಲ. ಅಲ್ಲಿ ಫ್ರೆಡ್ಡಿಗೆ ಪೆಟ್ಟು ಬೀಳಲ್ಲ. ಇಂಥ ತಮ್ಮ ಇದಾನೆ ಅಂತ ಗೊತ್ತಾದ್ರೆ ಸಾಕು ಸಂಬಂಧ ಮುರಿದು ಓಡ್ತಾರೆ ಅನ್ನೋ ನಂಬಿಕೆ ಮೇಲೇ ಇಡೀ ಪ್ಲಾನ್ ನಿಂತಿದೆ, ಅವರೂ ಓಡ್ತಾರೆ. ನನ್ನ ಹತ್ರ ಬರೋ ತಾಯಂದಿರು ಮನೇಲಿ ಇನ್ನೊಂದು ಹೆಣ್ಣುಮಗು ಇದ್ರೆ ಮದುವೆ ಮಾತುಕತೆ ಟೈಮಲ್ಲಿ ಈ ಮಗೂನ ಅಜ್ಜಿ ಮನೆಗೆ ಕಳಿಸ್ತಾರೆ. ಅದಕ್ಕೇ ಶನಿವಾರದ ಸಂಜೆಯವರಿಗೆ ನಗು ಬರ್ದೇ ಇದ್ದಿದ್ದು ನನಗೆ ಅರ್ಥ ಆಗುತ್ತೆ. ಬಿರಡೆ ಸೀನಿಗೆ ನಾನು ನಗ್ತೀನಿ, ಅವಳು ಎದ್ದು ಓಡಿದಾಗ ನಿಲ್ಲಿಸ್ತೀನಿ.

ಶನಿವಾರದ ಸಂಜೆ
ಅಜ್ಜಿ ಮನೆಗೆ ಕಳಿಸೋದು. ನಮ್ಮ ಮನೇಲೂ ಆಗಿದೆ ಅದು. ನನ್ನ ಮದುವೆ ಟೈಮಲ್ಲೇ.

ಹಳೇ ರೀಲು
ಇದನ್ನ ಓದಿದ ಮೇಲೆ ನನ್ನ ವಾದ ಪೂರ್ತಿ ನಿಲ್ಲಲ್ಲ. ಓವರ್ ಆಕ್ಟಿಂಗ್ ಅಂದಿದ್ದು ಸರಿ, ಆದ್ರೆ ಆ ಹೆಂಗಸು ಯಾಕೆ ಓಡ್ತಾಳೆ ಅಂತ ಯೋಚಿಸಿರ್ಲಿಲ್ಲ.

ಕಡಲಕರೆ
ವಾತಾವರಣ ಸ್ವಲ್ಪ ಬಿಸಿ ಆಯ್ತು, ಒಂದು ತಮಾಷೆ ಹೇಳ್ತೇನೆ. ಡೈರೆಕ್ಟರ್ ಫ್ರಾಂಕ್ ಆಜ್ ಯಾರು ಗೊತ್ತುಂಟಾ? ಸ್ಟಾರ್ ವಾರ್ಸ್‌ನ ಯೋಡಾ! ಬೊಂಬೆ ಆಡಿಸಿ ಧ್ವನಿ ಕೊಟ್ಟವರು. ಮತ್ತೆ ಲಾರೆನ್ಸನ ಬಟ್ಲರ್ ಆರ್ಥರ್ ಆಗಿ ನಿಂತ ಇಯಾನ್ ಮೆಕ್‌ಡಾರ್ಮಿಡ್ ಅದೇ ಸ್ಟಾರ್ ವಾರ್ಸ್‌ನ ದುಷ್ಟ ಚಕ್ರವರ್ತಿ. ಯೋಡಾ ಆಕ್ಷನ್ ಹೇಳಿದ್ರೆ ಚಕ್ರವರ್ತಿ ಟ್ರೇ ಹಿಡಿದು ಬರುದು 🤣

ಬೆಳ್ಳುಳ್ಳಿ ಕಬಾಬ್
ಏನ್ ಹೇಳ್ತಿದೀರಾ! ಅಂದ್ರೆ ಬಟ್ಲರೇ ಕಳ್ಳ ಅಂತ ನಾನು ಮೇಲೆ ಹೇಳಿದ್ದು ಸರಿ.

ಎಡಿಸನ್ ಎಳೆಯ
ನ್ಯೂಜೆರ್ಸಿಯಿಂದ. 2005ರಲ್ಲಿ ಬ್ರಾಡ್‌ವೇಲಿ ಇದೇ ಕಥೆ ಮ್ಯೂಸಿಕಲ್ ಆಗಿ ಬಂದಾಗ ನೋಡಿದ್ದೆ, ಜಾನ್ ಲಿತ್‌ಗೋ ಮತ್ತೆ ನಾರ್ಬರ್ಟ್ ಲಿಯೋ ಬಟ್ಜ್. ಬಟ್ಜ್‌ಗೆ ಟೋನಿ ಅವಾರ್ಡೂ ಬಂತು. ರೂಪ್ರೆಕ್ಟ್ ಅಲ್ಲೂ ಇದಾನೆ, ಸ್ಟೇಜ್ ಮೇಲೆ ಇನ್ನೂ ಜೋರು, ಥಿಯೇಟರ್ ಪೂರ್ತಿ ನಗ್ತಿತ್ತು. ನಾನೂ ನಕ್ಕೆ. ಇವತ್ತು ನಗ್ತೀನಾ ಗೊತ್ತಿಲ್ಲ. ಆಮೇಲೆ 2019ರಲ್ಲಿ ಇಬ್ರು ವಂಚಕಿಯರನ್ನ ಇಟ್ಟು ದಿ ಹಸಲ್ ಅಂತ ಮಾಡಿದ್ರು, ಆನ್ ಹ್ಯಾಥವೇ, ರೆಬೆಲ್ ವಿಲ್ಸನ್. ಅಲ್ಲಿ ಕೊನೆಗೆ ಟೋಪಿ ಹಾಕೋನು ಪಾಪದವನ ಥರ ಕಾಣೋ ಹುಡುಗ. ಸಿರಿಗನ್ನಡತಿಯವರೇ, ಹೆಂಗಸರನ್ನ ಮೇಲೆ ಹಾಕಿದ್ರೆ ಸರಿಹೋಗುತ್ತೆ ಅಂದ್ಕೊಂಡಿದ್ರೆ ಅದನ್ನ ನೋಡಿ, ಸರಿಹೋಗಲ್ಲ. ಇಬ್ರು ಜಾಣೆಯರು ಸೇರಿ ಕೊನೆಗೆ ಒಬ್ಬ ಗಂಡಸಿನ ಕೈಲಿ ಸೋಲ್ತಾರೆ.

ಸಿರಿಗನ್ನಡತಿ
ನೋಡಿದೀನಿ. ಅರ್ಧ ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ ಪಾತ್ರೆ ತೊಳೆದೆ.

ತುಂಗೆಯ ದಡ
ನಂಗೊತ್ತಿರೋದೊಂದು: 1988ರ ಈ ರೀಮೇಕ್ ಮಾತು ಶುರುವಾಗಿದ್ದೇ ಮಿಕ್ ಜಾಗರ್, ಡೇವಿಡ್ ಬೋವಿ ಒಟ್ಟಿಗೆ ಒಂದು ಸಿನಿಮಾ ಮಾಡ್ಬೇಕು ಅಂತ ಹೊರಟಾಗ. ಅದು ಆಗ್ಲಿಲ್ಲ, ಪುಣ್ಯ. ಇಬ್ರೂ ರಾಕ್ ಸ್ಟಾರ್ ಆದ್ರೆ ಯಾರು ಠೀವಿ ಯಾರು ಕಚಡಾ?

ಮಂಡ್ಯದ್ ಐಕ್ಳು
ಕನ್ನಡದಲ್ಲಿ ಮಾಡಿದ್ರೆ ಲಾರೆನ್ಸ್‌ಗೆ ಅನಂತ್ ನಾಗ್. ಮುಗೀತು, ಬೇರೆ ಮಾತಿಲ್ಲ. ಫ್ರೆಡ್ಡಿಗೆ ಆ ಕಾಲದ್ ಜಗ್ಗೇಶ್.

ಗಿರಣಿಚಾಳ
ದ್ವಾರಕೀಶ್ ಯಾಕ ಬ್ಯಾಡ?

ಮಂಡ್ಯದ್ ಐಕ್ಳು
ದ್ವಾರಕೀಶ್ ಬಂದ್ರೆ ಜಾನೆಟ್ಟೇ ಪಾಪ ಅಂತ ದುಡ್ ಕೊಟ್ಬುಡ್ತಾಳೆ, ಸಿನ್ಮಾ ಹತ್ ನಿಮ್ಸಕ್ ಮುಗ್ದೋಗುತ್ತೆ

ಹಳೇ ರೀಲು
ಜಾನೆಟ್‌ಗೆ ಯಾರು ಅನ್ನೋದೇ ಕಷ್ಟ. ಗ್ಲೆನ್ ಹೆಡ್ಲಿ ಅದನ್ನ ಎಷ್ಟು ಮೆತ್ತಗೆ ಮಾಡಿದಾಳೆ ಅಂದ್ರೆ ನಟನೆ ಅಂತ ಗೊತ್ತೇ ಆಗಲ್ಲ, ಎರಡು ಗಂಡಸರ ಬಗ್ಗೆ ಎಲ್ರೂ ಬರೀತಾರೆ, ಅವಳ ಹೆಸರು ಯಾರೂ ಎತ್ತಲ್ಲ. ಈ ಚರ್ಚೇಲೂ ಇಷ್ಟೊತ್ತು ಯಾರೂ ಎತ್ತಿರ್ಲಿಲ್ಲ, ನಾನೂ ಸೇರಿ. 2017ರಲ್ಲಿ ಹೋಗಿಬಿಟ್ಳು. ಮೊದಲ ಸಲ ನೋಡಿದಾಗ ಸಪ್ಪೆ ಅನ್ಸುತ್ತೆ, ಎರಡನೇ ಸಲ ಅವಳೊಬ್ಬಳನ್ನೇ ನೋಡ್ಕೊಂಡು ಕೂತ್ಕೊಳ್ಳಿ. ಪಾಪದ ಹುಡುಗಿ ಪಾತ್ರ ಮಾಡ್ತಿರೋ ಕಳ್ಳಿ ಪಾತ್ರ. ಎರಡು ಪದರ, ಮೇಲಿಂದು ಒಂದೇ ಒಂದ್ಸಲನೂ ಜಾರಲ್ಲ.

ಶನಿವಾರದ ಸಂಜೆ
ನೋಡಿದ್ವಿ, ಎರಡನೇ ಸಲ. ಅತ್ತೆ ಹಟ. ಯಜಮಾನ್ರು ಈ ಸಲ ಕಾಲು ಗಂಟೆಗೇ ಗೊರಕೆ. ನಾನು ಹಳೇ ರೀಲು ಹೇಳಿದಂಗೆ ಜಾನೆಟ್ ಒಬ್ಬಳನ್ನೇ ನೋಡಿದೆ, ಸಿನಿಮಾನೇ ಬೇರೆ ಆಯ್ತು. ರೂಪ್ರೆಕ್ಟ್ ಸೀನ್ ಬಂದಾಗ ನಾನೇ ಎದ್ದು ಹಾಲು ಕಾಯಿಸೋಕೆ ಹೋದೆ. ಅತ್ತೆ ಈ ಸಲ ಅಷ್ಟು ನಗ್ಲಿಲ್ಲ, ವಾಪಸ್ ಬಂದಾಗ ನನ್ನ ಕಡೆ ಒಂದ್ಸಲ ನೋಡಿದ್ರು, ಏನೂ ಹೇಳ್ಲಿಲ್ಲ. ಆಮೇಲೆ ಜಾನೆಟ್ ಕೋಲ್ಗೇಟ್, ಸೋಪ್ ಕ್ವೀನ್ ಅಂದಾಗ ಜೋರಾಗಿ ಹೇಳಿದ್ರು, "ಕೋಲ್ಗೇಟ್‌ನವಳು ಅಂದ್ರೆ ಪೇಸ್ಟ್ ಮಾರ್ಬೇಕು, ಸೋಪ್ ಯಾಕೆ ಮಾರ್ತಾಳೆ? ಅಲ್ಲೇ ಗೊತ್ತಾಗ್ಬೇಕಿತ್ತು ಈ ಮುಠ್ಠಾಳರಿಗೆ."

ಎಡಿಸನ್ ಎಳೆಯ
ಅತ್ತೆಗೆ ನಮಸ್ಕಾರ ಹೇಳಿ, ಆದ್ರೆ ತಾಂತ್ರಿಕವಾಗಿ ಕೋಲ್ಗೇಟ್ ಶುರುವಾಗಿದ್ದೇ 1806ರಲ್ಲಿ ನ್ಯೂಯಾರ್ಕಲ್ಲಿ, ಸೋಪು ಮೇಣದಬತ್ತಿ ಮಾರ್ಕೊಂಡು. ಪೇಸ್ಟ್ ಬಂದಿದ್ದು 1873ಕ್ಕೆ.

ಶನಿವಾರದ ಸಂಜೆ
ಹೇಳಿದೆ. "ಅಂಗಡಿಯವರು ಹಾಗೇ ಹೇಳೋದು" ಅಂದ್ರು.